ಅಟ್ಟ ಹೋಯಿತು, ಬೆಕ್ಕು ಉಳಿಯಿತು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಸಾಕುಪ್ರಾಣಿ ಕ್ಲಿನಿಕ್ಕುಗಳಲ್ಲಿ ಈಗ ಮಾಮೂಲಾಗಿರುವ ಪ್ರಶ್ನೆಯೊಂದಿದೆ: ‘ಡಾಕ್ಟ್ರೇ, ನಮ್ಮ ಬೆಕ್ಕು ಗಬ್ಬ ಆಗಿದೆಯಾ, ಸ್ವಲ್ಪ ನೋಡಿ.’ ಕೇಳುವವರ ದನಿಯಲ್ಲಿ ಸಂಭ್ರಮಕ್ಕಿಂತ ಗಾಬರಿಯೇ ಜಾಸ್ತಿ. ಮೂರನೇ ಮಹಡಿಯ ಬಾಡಿಗೆ ಮನೆ. ಮಾಲೀಕರು ಒಂದು ಬೆಕ್ಕಿಗೇ ಮುಖ ಸಿಂಡರಿಸುತ್ತಾರೆ. ನಾಲ್ಕೈದು ಮರಿ ಹುಟ್ಟಿದರೆ ಯಾರಿಗೆ ಕೊಡುವುದು ಎಂಬ ಲೆಕ್ಕಾಚಾರ ಆಗಲೇ ಶುರುವಾಗಿರುತ್ತದೆ. ಇದೇ ನೆಲದ ಮೇಲೆ ಎಂಬತ್ತು ವರ್ಷದ ಹಿಂದೆ ಬಾಳಿದವರಿಗೆ ಈ ಪ್ರಶ್ನೆ ಕೇಳಿಸಿದ್ದರೆ ನಗು ಬರುತ್ತಿತ್ತು. ಬೆಕ್ಕು ಅಂದಮೇಲೆ ಮರಿ ಹಾಕುತ್ತದೆ. ಅದರಲ್ಲಿ ಅನುಮಾನಪಡುವುದೇನು, ಡಾಕ್ಟರಿಗೆ ತೋರಿಸುವುದೇನು? ಬೆಕ್ಕಿನ ಬಸಿರು ‘ಬೇಡದ್ದು’ ಎನಿಸಿಕೊಂಡದ್ದು ತೀರ ಈಚೆಗೆ. ಹಾಗೆಂದು ಆಗ ಮರಿಗಳು ಕಡಿಮೆ ಹುಟ್ಟುತ್ತಿರಲಿಲ್ಲ. ಹುಟ್ಟಿದ ಹೆಚ್ಚುವರಿಯನ್ನು ಅರಗಿಸಿಕೊಳ್ಳುವ ಏರ್ಪಾಡೊಂದು ಮನೆಯ ಕಾಳಿನಲ್ಲಿ, ಸೂರಿನ ಕಟ್ಟೋಣದಲ್ಲಿ, ನೆರೆಹೊರೆಯ ರೂಢಿಯಲ್ಲಿ ಅಡಗಿತ್ತು. ಅದು ಅರ್ಧ ಉಪಯುಕ್ತ, ಅರ್ಧ ಕ್ರೂರ. ಪಶ್ಚಿಮ ಬೆಂಗಳೂರು ಬೆಳೆದ ಹಾಗೆಲ್ಲ ಅದರ ಒಂದೊಂದೇ ಕೊಂಡಿ ಕಳಚಿತು, ಬೆಕ್ಕು ಮಾತ್ರ ಉಳಿಯಿತು.

ಬೆಕ್ಕು ಮನುಷ್ಯನ ಹತ್ತಿರ ಬಂದದ್ದು ಕಾಳಿನಿಂದ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದುದು ಸಿಕ್ಕಿದೆ. ಬೇಸಾಯ ಶುರುವಾದಲ್ಲಿ ಧಾನ್ಯ ಕೂಡಿತು, ಧಾನ್ಯಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು ಎನ್ನುವುದು ಪುರಾತತ್ವ ಸಂಶೋಧಕರು ಕಟ್ಟಿಕೊಟ್ಟಿರುವ ಸರಳ ಕಥೆ. ಇವತ್ತು ಬಡಾವಣೆಗಳ ಹೆಸರಿನ ಕೆಳಗೆ ಹುದುಗಿರುವ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಕುರುಬರಹಳ್ಳಿಗಳಿಗೂ ಈ ಕಥೆ ಒಪ್ಪುತ್ತದೆ. ಇವು ರಾಗಿಯ ಹಳ್ಳಿಗಳು. ಹಳೇ ಮೈಸೂರು ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ದಿನಬಳಕೆಯ ಕಾಳು ಇರುತ್ತಿದ್ದದ್ದು ಮನೆಯೊಳಗಿನ ವಾಡೆಯಲ್ಲಿ, ಗುಡಾಣದಲ್ಲಿ, ಗೋಣಿಚೀಲದಲ್ಲಿ. ಇಲಿ ಬಾಯಿ ಹಾಕುತ್ತಿದ್ದುದೂ ಅಲ್ಲಿಯೇ. ಮಾಗಡಿ ರಸ್ತೆಯ ಮೇಲೆ ಗಾಡಿಗಳಲ್ಲಿ ಬಂದ ದವಸ ಪೇಟೆಯ ಪಡುವಣ ಅಂಚಿನ ಅಕ್ಕಿಪೇಟೆ, ತರಗುಪೇಟೆಗಳಲ್ಲಿ ಇಳಿಯುತ್ತಿತ್ತು. ಮಂಡಿ ಇದ್ದಲ್ಲೆಲ್ಲ ಬೆಕ್ಕು ಇತ್ತು. ಕೆಂಗೇರಿ ಕಡೆಗೆ ಹೋದರೆ ಧಾನ್ಯದ ಜೊತೆಗೆ ರೇಷ್ಮೆಯೂ ಸೇರಿಕೊಳ್ಳುತ್ತದೆ. 1860ರ ದಶಕದಲ್ಲಿ ಇಟಲಿಯ ದೆ ವೆಕ್ಕಿ ಎಂಬಾತ ಅಲ್ಲಿ ಉಗಿಯಂತ್ರ ಹಾಕಿ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ ನಡೆಸಿದ್ದ. ಹುಳು ಸಾಕುವ ಮನೆಗೆ ಇಲಿ ಕಾಲಿಟ್ಟರೆ ತಟ್ಟೆಯ ಹುಳುವನ್ನೂ ತಿನ್ನುತ್ತದೆ, ಚಂದ್ರಿಕೆಯ ಮೇಲಿನ ಗೂಡನ್ನೂ ಕಡಿಯುತ್ತದೆ. ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ಹಾಳು. ಇಂಥ ಊರುಗಳಲ್ಲಿ ಒಂದು ಮನೆಯ ಬೆಕ್ಕು ಮರಿ ಹಾಕಿತೆಂದರೆ ಇನ್ನೊಂದು ಮನೆಗೆ ಬೇಕಾದ ಆಳು ಹುಟ್ಟಿತು ಎಂದೇ ಲೆಕ್ಕ.

ಬೆಕ್ಕಿನ ಸಂತಾನಕ್ಕೆ ಸರ್ಕಾರಿ ವೈದ್ಯರೇ ಹಸಿರು ನಿಶಾನೆ ತೋರಿಸಿದ ಕಾಲವೂ ಒಂದಿತ್ತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಿತು. ಪೇಟೆಯ ಜನ ಮನೆಗೆ ಬೀಗ ಹಾಕಿ ಹೊಲದ ಜೋಪಡಿಗಳಿಗೆ ಹೋದರು, ಪ್ಲೇಗಿನಮ್ಮನಿಗೆ ಗುಡಿಗಳೆದ್ದವು, ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಯ, ಗಾಳಿಬೆಳಕಿನ ಬಡಾವಣೆಗಳಾಗಿ ತುಂಬಿಕೊಂಡದ್ದಕ್ಕೂ ಪ್ಲೇಗಿನ ಭಯವೇ ಮುಖ್ಯ ಕಾರಣ. ಅದೇ 1898ರಲ್ಲಿ ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೋನ್, ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುವುದು ಎಂದು ತೋರಿಸಿದ. ಅಲ್ಲಿಂದ ಮುಂದೆ ಇಲಿಯೇ ಶತ್ರು. ಅಮರಾವತಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಬ್ಯೂಕನನ್ ಎಂಬ ಅಧಿಕಾರಿ ಒಂದು ಹೆಜ್ಜೆ ಮುಂದೆ ಹೋಗಿ, ಬೆಕ್ಕು ಹೆಚ್ಚಿರುವ ಹಳ್ಳಿಗಳನ್ನು ಪ್ಲೇಗು ಮುಟ್ಟುವುದು ಕಡಿಮೆ, ಆದ್ದರಿಂದ ಬೆಕ್ಕು ಸಾಕುವುದನ್ನು ಪ್ರೋತ್ಸಾಹಿಸಬೇಕು ಎಂದು 1908ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ದಾಟಬಲ್ಲದು ಎಂದು ಮುಂದೆ ತಿಳಿದುಬಂತು. ಹಾಗಾಗಿ ಬ್ಯೂಕನನ್ ವಾದದ ಗಟ್ಟಿತನ ಅಷ್ಟಕ್ಕಷ್ಟೆ. ನಮಗೆ ಬೇಕಾದದ್ದು ಆ ಕಾಲದ ಮನಸ್ಸು, ಅದೇ ಮನಸ್ಸು ಜನರ ಕಥೆಯಲ್ಲೂ ಇದೆ. ಇಲಿ ಹೆಚ್ಚಾದಾಗ ಮನೆಮನೆಗೂ ಬೆಕ್ಕು, ಅದರ ಹಾಲಿಗೊಂದು ಹಸು ಹಂಚಿದ ಕೃಷ್ಣದೇವರಾಯನ ಕಥೆಯನ್ನು, ಬೆಕ್ಕಿಗೆ ಸುಡುವ ಹಾಲಿಟ್ಟು ಉಳಿದದ್ದನ್ನು ತಾನೇ ಕುಡಿದ ತೆನಾಲಿ ರಾಮಕೃಷ್ಣನ ಚೇಷ್ಟೆಯನ್ನು ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಕಥೆ ಕಥೆಯೇ ಇರಲಿ. ಆದರೆ ಬೆಕ್ಕಿನ ಸಂಖ್ಯೆ ಏರುವುದು ಊರಿಗೆ ಒಳ್ಳೆಯದು, ಅದಕ್ಕೆ ಅರಸನೇ ಖರ್ಚು ಹಾಕಬಹುದು ಎಂಬ ಊಹೆ ಇಲ್ಲದಿದ್ದರೆ ಆ ಕಥೆ ನಿಲ್ಲುವುದೇ ಇಲ್ಲ.

ಬೆಕ್ಕು ನಿಜಕ್ಕೂ ಇಲಿ ಹಿಡಿಯುತ್ತಿತ್ತೇ, ಅಥವಾ ಇದೆಲ್ಲ ನಂಬಿಕೆಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸ ಸಂಸ್ಕರಣೆಯ ಘಟಕವೊಂದರಲ್ಲಿ ಸಂಶೋಧಕರು ಕ್ಯಾಮೆರಾ ಇಟ್ಟು 79 ದಿನ ನೋಡಿದರು. ಅಷ್ಟು ದಿನದಲ್ಲಿ ಅಲ್ಲಿನ ಬೀದಿಬೆಕ್ಕುಗಳು ಕೊಂದದ್ದು ಕ್ಯಾಮೆರಾಗೆ ಸಿಕ್ಕಿದ್ದು ಬರೀ ಎರಡು ಇಲಿ. 2018ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಹಿಡಿದು ಬೆಕ್ಕನ್ನು ಸೋಮಾರಿ ಅನ್ನುವವರು ಒಂದು ಮಾತು ಮರೆಯುತ್ತಾರೆ. ಅಲ್ಲಿದ್ದವು ಕೊಬ್ಬಿದ ದೊಡ್ಡ ಇಲಿಗಳು. ನಮ್ಮ ರಾಜಕಾಲುವೆಯ ಹೆಗ್ಗಣದ ತಂಟೆಗೂ ಬೆಕ್ಕು ಹೋಗುವುದಿಲ್ಲ, ಅದರ ಬುದ್ಧಿ ನೆಟ್ಟಗಿದೆ. ಕಾಳಿನ ಮನೆಯಲ್ಲಿ ಕೆಲಸವಿದ್ದದ್ದು ಚುಂಡಿಲಿಯ ಜೊತೆ, ಇಲಿಮರಿಯ ಜೊತೆ. ಅದನ್ನು ಹಿಡಿಯುವುದು ಬೆಕ್ಕಿಗೆ ಲೀಲಾಜಾಲ. ಪೇಟೆಯ ಅಂಗಡಿಗಳಲ್ಲಿ ಇಲಿ ಪಾಷಾಣ, ಬೋನು, ಅಂಟುಹಾಳೆಗಳು ಸಲೀಸಾಗಿ ಸಿಗುವವರೆಗೆ ಬೆಕ್ಕಿಗೆ ಪೈಪೋಟಿ ಇರಲಿಲ್ಲ. ಅವು ಬಂದಮೇಲೆ ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯತೊಡಗಿತು. ಕೆಲಸ ಕಸಿದುಕೊಂಡದ್ದೇ ಪ್ರಾಣವನ್ನೂ ಕಸಿದುಕೊಂಡಿತು.

ಇನ್ನು ಮನೆ. ಹಳ್ಳಿಯ ತೊಟ್ಟಿಮನೆಯಾಗಲಿ, ಬೆಂಗಳೂರಿನ ವಠಾರವಾಗಲಿ, ಬೆಕ್ಕಿಗೆ ಅನುಕೂಲವಾಗಲೆಂದು ಯಾರೂ ಕಟ್ಟಲಿಲ್ಲ. ಆದರೂ ಅಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇತ್ತು. ಮಂಗಳೂರು ಹೆಂಚಿನ ಇಳಿಜಾರು, ಅದರ ಕೆಳಗೆ ಅಟ್ಟ. ಅಟ್ಟದ ಮೇಲೆ ಒಡೆದ ಮೊರ, ಹಳೇ ಕೊಳಗ, ಹರಿದ ಚಾಪೆ, ಸೌದೆ, ಬೆರಣಿ, ಹಬ್ಬಕ್ಕೆ ಮಾತ್ರ ಇಳಿಸುವ ಹಿತ್ತಾಳೆ ಪಾತ್ರೆ. ಅಡುಗೆಮನೆಯ ಹೊಗೆ ಅಲ್ಲಿ ಸುತ್ತಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿದ್ದುದರಿಂದ ಬೆಚ್ಚಗೆ, ಒಣ, ಕತ್ತಲು. ಏಣಿ ಹಾಕದೆ ಮನುಷ್ಯರು ಹತ್ತುವಂತಿಲ್ಲ, ನಾಯಿಗಂತೂ ಎಟುಕದು. ಸರಿಸಿದ ಒಂದು ಹೆಂಚು ಬೆಕ್ಕಿಗೆ ಬಾಗಿಲು. ಹೆರಿಗೆಗೆ ಇದಕ್ಕಿಂತ ಒಳ್ಳೆಯ ಜಾಗ ಬೆಕ್ಕಿಗೆ ಇವತ್ತಿನ ಯಾವ ಪೆಟ್ ಅಂಗಡಿಯೂ ಮಾರಲಾರದು. ಅದೇ ಅಡುಗೆಮನೆಯ ತೊಲೆಯಿಂದ ನೆಲುವು ನೇತಾಡುತ್ತಿತ್ತು. ಹಾಲು, ಮೊಸರು, ಬೆಣ್ಣೆಯ ಗಡಿಗೆ ಅದರಲ್ಲಿ. ಮನೆಗೆ ಬೆಕ್ಕು ಬೇಕು, ಆದರೆ ಅದನ್ನು ನಂಬಬಾರದು ಎಂಬ ಎರಡು ತೀರ್ಮಾನಗಳನ್ನು ಆ ಹಗ್ಗದ ಜಾಳಿಗೆ ಒಟ್ಟಿಗೆ ಹೊತ್ತಿತ್ತು. ಬೆಕ್ಕು ಗಬ್ಬ ಆಗಿರುವುದು ಮನೆಯವರಿಗೆ ತಿಳಿಯುತ್ತಿದ್ದದ್ದು ಹೆಚ್ಚಾಗಿ ಅಟ್ಟದಿಂದ ಮರಿಗಳ ಕೀಚಲು ಕೇಳಿಸಿದ ಮೇಲೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಏಳೋ ಮೂರೋ, ತಾಯಿಬೆಕ್ಕು ಮರಿಗಳ ಕುತ್ತಿಗೆ ಕಚ್ಚಿಕೊಂಡು ಜಾಗ ಬದಲಿಸುವುದಂತೂ ದಿಟ. ಹೆಂಚಿನಿಂದ ಹೆಂಚಿಗೆ ಸಾಗುವ ವಠಾರದಲ್ಲಿ ಹೀಗೆ ತಿರುಗಿದ ಮರಿಗಳು ಯಾವ ಮನೆಯವು ಎಂದು ಯಾರೂ ಹೇಳುವಂತಿರಲಿಲ್ಲ. ಬೆಕ್ಕು ಇಡೀ ಮನೆಸಾಲಿನ ಬೆಕ್ಕು, ಬಸಿರೂ ಸಾಲಿನದೇ. ಹೊಣೆ ಇಷ್ಟು ತೆಳ್ಳಗೆ ಹಂಚಿಹೋದ ಮೇಲೆ ಗಾಬರಿಪಡಲು ಒಬ್ಬ ಯಜಮಾನನೇ ಇರುವುದಿಲ್ಲ.

ಇಷ್ಟು ಹೇಳಿದರೆ ಹಿಂದಿನ ಕಾಲ ಬೆಕ್ಕಿನ ಪಾಲಿಗೆ ಸ್ವರ್ಗವಾಗಿತ್ತು ಅನ್ನಿಸಬಹುದು. ಬೆಕ್ಕಿಗೆ ಸಂತಾನಹರಣದ ಆಪರೇಷನ್ ಮಾಡಿಸುವುದನ್ನು ಒಪ್ಪದವರು ಮುಂದಿಡುವ ಮೊದಲ ಆಕ್ಷೇಪವೂ ಇದೇ: ‘ನಮ್ಮ ಅಜ್ಜಿ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಎಲ್ಲ ತಾನಾಗಿಯೇ ಸರಿಹೋಗುತ್ತಿರಲಿಲ್ಲವೇ?’ ಸರಿಹೋಗುತ್ತಿತ್ತು, ಹೇಗೆ ಎಂದು ಮಾತ್ರ ಅವರು ಕೇಳಿಕೊಳ್ಳುವುದಿಲ್ಲ. ಒಂದು ಹೆಣ್ಣು ಬೆಕ್ಕು ವರ್ಷಕ್ಕೆ ಎರಡು ಮೂರು ಸೂಲು ಹಾಕಬಲ್ಲದು, ಸೂಲಿಗೆ ಮೂರರಿಂದ ಐದು ಮರಿ. ಹತ್ತು ವರ್ಷದಲ್ಲಿ ಊರೇ ಬೆಕ್ಕಾಗಬೇಕಿತ್ತು, ಆಗಲಿಲ್ಲ. ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿ ಬೀದಿಬೆಕ್ಕುಗಳ 169 ಮರಿಗಳ ಬೆನ್ನು ಹತ್ತಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಆರು ತಿಂಗಳು ತುಂಬುವುದರೊಳಗೆ ಅವುಗಳಲ್ಲಿ 127 ಸತ್ತಿದ್ದವು ಇಲ್ಲವೇ ಕಾಣೆಯಾಗಿದ್ದವು. ಲಸಿಕೆಯಿಲ್ಲದ, ಮಜ್ಜಿಗೆ ಅನ್ನದ ಮೇಲೆ ಬದುಕಿದ, ಬೇಧಿ ಹತ್ತಿದರೆ ಔಷಧಿ ಕಾಣದ ಅಟ್ಟದ ಮರಿಗಳ ಗತಿ ಇದಕ್ಕಿಂತ ಮೇಲಿತ್ತು ಎನ್ನಲು ಕಾರಣ ಕಾಣದು. ನಾಯಿ, ಹದ್ದು, ಗಂಡುಬೆಕ್ಕು ತಮ್ಮ ಪಾಲು ತೆಗೆದುಕೊಳ್ಳುತ್ತಿದ್ದವು. ಏಳು ವರ್ಷದಲ್ಲಿ ಒಂದು ಜೋಡಿಯಿಂದ ಲಕ್ಷಗಟ್ಟಲೆ ಬೆಕ್ಕು ಎಂದು ಪ್ರಾಣಿದಯೆಯ ಭಿತ್ತಿಪತ್ರಗಳಲ್ಲಿ ಬರುವ ಲೆಕ್ಕವನ್ನು ನಾನು ನಂಬದಿರುವುದೂ ಇದಕ್ಕೇ. ಒಳ್ಳೆಯ ಉದ್ದೇಶಕ್ಕೆ ಕೆಟ್ಟ ಗಣಿತ ಬೇಕಿಲ್ಲ. ಸಾಯುವ ಮರಿಗಳನ್ನು ಅದು ಲೆಕ್ಕಕ್ಕೇ ಹಿಡಿದಿಲ್ಲ.

ಸಾಯದೆ ಉಳಿದವಕ್ಕೆ ಗೋಣಿಚೀಲವಿತ್ತು. ಬೆಕ್ಕನ್ನು ಕೊಲ್ಲುವುದು ಮಹಾಪಾಪ. ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ಹಿರಿಯರು ಹೆದರಿಸುತ್ತಿದ್ದರು. ಮನುಸ್ಮೃತಿಯಲ್ಲೂ ಬೆಕ್ಕನ್ನು ಕೊಂದದ್ದಕ್ಕೆ ಪ್ರಾಯಶ್ಚಿತ್ತವಿದೆ. ಪಶ್ಚಿಮ ಬೆಂಗಳೂರಿಗೆ ಮಾಗಡಿ, ರಾಮನಗರ, ಮಂಡ್ಯ, ತುಮಕೂರು ಕಡೆಯಿಂದ ಜನ ಬಂದು ತುಂಬಿಕೊಂಡರು. ಅದೇ ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುತ್ತಾರೆ, ಅಲ್ಲಿ ಬೆಕ್ಕಿಗೆ ಕೈ ಎತ್ತುವಂತಿಲ್ಲ. ಇನ್ನೊಂದೆಡೆ, ಹೊರಡುವಾಗ ಬೆಕ್ಕು ಅಡ್ಡ ಬಂದರೆ ಅಪಶಕುನವೆಂದು ವಾಪಸ್ ಬಂದು ನೀರು ಕುಡಿದು ಹೊರಡುವವರೂ ಇದೇ ಜನ. ಕೊಲ್ಲಬಾರದು, ಇಟ್ಟುಕೊಳ್ಳಲೂ ಆಗದು ಎಂಬ ಇಕ್ಕಟ್ಟಿಗೆ ಕಂಡುಕೊಂಡ ಉಪಾಯವೇ ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರುವುದು. ದಾರಿ ಕಂಡು ವಾಪಸ್ ಬರಬಾರದೆಂದು ಹೊಳೆ ದಾಟಿಸಿ ಬಿಡುತ್ತಿದ್ದರು. (ಈ ಭಾಗಕ್ಕೆ ಹೊಳೆ ಎಂದರೆ ವೃಷಭಾವತಿ ಒಂದೇ, ಅದೂ ಈಗ ದಾಟುವವರು ಮೂಗು ಮುಚ್ಚಿಕೊಳ್ಳಬೇಕಾದ ಕಾಲುವೆ.) ಪಾಪ ಕೈಗಂಟುವುದಿಲ್ಲ, ಸಾವು ಕಣ್ಣಿಗೆ ಬೀಳುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಆದರೆ ರೂಢಿಯ ವಿಳಾಸ ಕಾಯ್ದೆಗೆ ಗೊತ್ತಿರಲಿಲ್ಲ. ಮಾರುಕಟ್ಟೆ, ದೇವಸ್ಥಾನ, ಮೀನಂಗಡಿಯ ಹಿಂಭಾಗಗಳಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟು ಹೋಗುವವರು ಅದೇ ಗೋಣಿಚೀಲದ ವಾರಸುದಾರರು.

ಬದಲಾವಣೆಯ ಮೊದಲ ಕಂತು ಬಂದದ್ದು ಕಾರ್ಖಾನೆಗಳ ಜೊತೆ. ಮಾಗಡಿ ರಸ್ತೆಯ ಆಸುಪಾಸಿನ ಬಿನ್ನಿ, ಮಿನರ್ವ ಮಿಲ್ಲುಗಳ ಸುತ್ತ ಕಾರ್ಮಿಕರ ಮನೆಸಾಲುಗಳು ಮೊದಲೇ ಇದ್ದವು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಹುಟ್ಟಿತು. 1949ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ, ಕೈಗಾರಿಕಾ ಉಪನಗರವಾಗಿ ರಾಜಾಜಿನಗರ ಶುರುವಾಯಿತು. ಮುಂದೆ ವಿಜಯನಗರ, ಬಸವೇಶ್ವರನಗರ. 1976ರಲ್ಲಿ ಬೋರ್ಡಿನ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ಮೊದಲ ತಲೆಮಾರಿನ ಮನೆಗಳು ಹಳ್ಳಿಯನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಹಿತ್ತಲಲ್ಲಿ ತೆಂಗು, ಸೌದೆ ಒಲೆಯ ನೀರುಮನೆ, ಕೆಲವು ಕಡೆ ಹಸು, ಊರಿನ ಜಮೀನಿನಿಂದ ಬರುವ ರಾಗಿ ಮೂಟೆ. ಬೆಕ್ಕಿಗೆ ಇನ್ನೂ ಕೆಲಸವಿತ್ತು. 20×30, 30×40 ನಿವೇಶನದ ಮೇಲೆ ಆರ್‌ಸಿಸಿ ಸೂರು ಬಿದ್ದು, ಅದರ ಮೇಲೆ ಬಾಡಿಗೆಗೆಂದು ಮಹಡಿ, ಮಹಡಿಯ ಮೇಲೆ ಮಹಡಿ ಎದ್ದಾಗ ಕಥೆ ತಿರುಗಿತು. ಅಟ್ಟ ಹೋಗಿ ಅಡುಗೆಮನೆಯ ಮೇಲೆ ಸಿಮೆಂಟಿನ ಸಜ್ಜ ಬಂತು. 1965ರಲ್ಲಿ ಬೆಂಗಳೂರು ಡೇರಿ ಆರಂಭವಾಗಿ ಹಾಲು ಕ್ರಮೇಣ ಪ್ಯಾಕೆಟ್ಟಿಗೆ, ಪ್ಯಾಕೆಟ್ಟು ಫ್ರಿಜ್ಜಿಗೆ ಹೋಯಿತು; ನೆಲುವು ಮಾಯವಾಯಿತು. ಮೂಟೆಯ ಬದಲು ಐದು ಕಿಲೋ ಹಿಟ್ಟಿನ ಚೀಲ. ಮನೆಯ ಇಲಿ ಕಡಿಮೆಯಾಗಿ ಚರಂಡಿ, ಕಸದ ರಾಶಿಯ ಹೆಗ್ಗಣಕ್ಕೆ ಜಾಗ ಕೊಟ್ಟಿತು. ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಬಹುಮಹಡಿ ವಸತಿ ಸಮುಚ್ಚಯಗಳು. ಕೆಲಸ ಕಳೆದುಕೊಂಡ ಬೆಕ್ಕು ಊರು ಬಿಡಬೇಕಿತ್ತು. ಅದು ಒಳಗೆ ಬಂದು ಸೋಫಾ ಹತ್ತಿತು.

ಈ ಬಡ್ತಿಯ ಬೆಲೆ ಬಸಿರಿನ ರೂಪದಲ್ಲಿ ಬಂತು. ವಿಸ್ಕಾಸ್ ತಿಂದು, ಲಸಿಕೆ ಹಾಕಿಸಿಕೊಂಡು ಬೆಳೆದ ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಮನೆಯವರ ಕಣ್ಣಿಗೆ ಅದಿನ್ನೂ ಮರಿಯೇ. ಬೆಕ್ಕಿನ ಬೆದೆ ಹಗಲಿನ ಉದ್ದವನ್ನು ಅವಲಂಬಿಸುತ್ತದೆ. ಚಳಿದೇಶಗಳಲ್ಲಿ ಚಳಿಗಾಲದ ಮೋಟು ಹಗಲು ಅದಕ್ಕೆ ಕೆಲವು ತಿಂಗಳ ಬಿಡುವು ಕೊಡುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಮೇಲಿರುತ್ತದೆ, ಮನೆಯ ಟ್ಯೂಬ್‌ಲೈಟು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಹಾಗಾಗಿ ಇಲ್ಲಿ ಬಿಡುವೇ ಇಲ್ಲ. ಕೂಡದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಬೆದೆ ಮರಳುತ್ತದೆ, ರಾತ್ರಿಯಿಡೀ ಕೂಗಾಟ. ಕೂಡಿದರೆ ಆ ಕ್ರಿಯೆಯೇ ಅಂಡವನ್ನು ಬಿಡುಗಡೆ ಮಾಡಿಸುತ್ತದೆ, ಆದ್ದರಿಂದ ಒಂದೆರಡು ಸಲದ ಭೇಟಿ ಸಾಕು. ‘ನಮ್ಮದು ಒಳಗೇ ಇರುವ ಬೆಕ್ಕು, ಹೇಗಾಗಲು ಸಾಧ್ಯ’ ಎನ್ನುವವರು ತಮ್ಮ ಬೀದಿಯನ್ನು ಬೆಕ್ಕಿನ ಕಣ್ಣಿನಿಂದ ನೋಡಬೇಕು. ಬಿಡಬೇಕಾದ ಜಾಗ ಬಿಡದೆ ಕಟ್ಟಿದ ಮನೆಗಳ ನಡುವೆ ಒಂದು ನೆಗೆತದ ಅಂತರ. ಬಾಲ್ಕನಿಯಿಂದ ಪಕ್ಕದ ಸಜ್ಜ, ಸಜ್ಜದಿಂದ ತಾರಸಿ, ತಾರಸಿಯಿಂದ ಮುಂದಿನ ತಾರಸಿ. ವಿಜಯನಗರದ ಒಂದು ಅಡ್ಡರಸ್ತೆಯ ಈ ತುದಿಯಿಂದ ಆ ತುದಿಗೆ ಗಂಡುಬೆಕ್ಕು ನೆಲ ಮುಟ್ಟದೆ ಹೋಗಿಬರಬಹುದು. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ಕಾಲ ಇದು. ನೆರೆಯವರಿಗೆ ಮುಚ್ಚಿಕೊಂಡ ಬೀದಿ ಗಂಡುಬೆಕ್ಕಿಗೆ ಹಿಂದೆಂದಿಗಿಂತ ಹೆಚ್ಚು ತೆರೆದಿದೆ. ಮರಿ ಹುಟ್ಟಿಸುವ ದಾರಿ ಉಳಿದುಕೊಂಡಿತು, ಮರಿ ಹಂಚುವ ದಾರಿ ಮುಚ್ಚಿಹೋಯಿತು.

ಗಬ್ಬ ಆಗಿದೆಯೇ ಎಂಬ ಅನುಮಾನಕ್ಕೂ ಒಂದು ಚರಿತ್ರೆಯಿದೆ. ಇದೇ ಹಳ್ಳಿಗಳಲ್ಲಿ ಹಸು ಗಬ್ಬ ಕಟ್ಟಿದ ದಿನ ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು. ಒಂಬತ್ತು ತಿಂಗಳ ಲೆಕ್ಕ ತಪ್ಪುತ್ತಿರಲಿಲ್ಲ, ಏಕೆಂದರೆ ಅದರ ಮೇಲೆ ಹಾಲು, ಹಾಲಿನ ಮೇಲೆ ಸಂಸಾರ. ಸರ್ಕಾರದ ಪಶುವೈದ್ಯ ಶಾಸ್ತ್ರವೂ ದನ, ಎಮ್ಮೆ, ಕುರಿ, ಕುದುರೆಗಳ ಸುತ್ತ ಬೆಳೆಯಿತು. ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಲ್ಲಿ ಆರಂಭವಾದಾಗ ನಾಡಿಗೆ ಬೇಕಾಗಿದ್ದದ್ದು ದನದ ಡಾಕ್ಟರು. ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿ ಎಂದು ಫೀಸು ಕೊಡುವವರು ಹುಟ್ಟಿದ್ದು ಬಹಳ ತಡವಾಗಿ. ಮುಟ್ಟಿ ನೋಡುವುದರಲ್ಲಿ ಹಸ್ತಕೌಶಲವಿದೆ. ಬೆಕ್ಕಿನ ಗರ್ಭ ಸುಮಾರು 63ರಿಂದ 65 ದಿನ. ಮೂರನೇ ವಾರದ ಹೊತ್ತಿಗೆ ಮೊಲೆತೊಟ್ಟು ಗುಲಾಬಿಯಾಗಿ ಉಬ್ಬುತ್ತದೆ. ಮೂರರಿಂದ ಐದನೇ ವಾರದೊಳಗೆ, ಬೆಕ್ಕು ಮೈ ಬಿಗಿಯದೆ ನಿಂತರೆ, ಅನುಭವಿಯ ಬೆರಳಿಗೆ ಹೊಟ್ಟೆಯೊಳಗೆ ಪೋಣಿಸಿದ ಗೋಲಿಗಳ ಹಾಗೆ ಒಂದೊಂದೇ ಗಂಟು ಸಿಗುತ್ತದೆ. ಅದಕ್ಕೂ ಮೊದಲು ತೀರ ಚಿಕ್ಕವು, ಆಮೇಲೆ ಒಂದರೊಳಗೊಂದು ಬೆರೆತು ಗೊತ್ತಾಗುವುದಿಲ್ಲ. ಮನೆಯಲ್ಲಿ ಒತ್ತಿ ನೋಡುವ ಸಾಹಸ ಬೇಡ, ಮರಿಗೂ ಪೆಟ್ಟು ತಾಯಿಗೂ ಪೆಟ್ಟು. ಸ್ಕ್ಯಾನಿಂಗ್ ಮೂರ್ನಾಲ್ಕನೇ ವಾರದಲ್ಲಿ ಹೇಳುತ್ತದೆ, ಎಕ್ಸ್‌ರೇಗೆ ಮರಿಗಳ ಎಲುಬು ಗಟ್ಟಿಯಾಗುವ ಆರನೇ ವಾರದ ಮೇಲಾಗಬೇಕು. ಬಸಿರಿಲ್ಲದೆಯೂ ಮೊಲೆ ಉಬ್ಬುವ ಸುಳ್ಳು ಗರ್ಭವಿದೆ. ಗರ್ಭಕೋಶದಲ್ಲಿ ಕೀವು ತುಂಬಿ ಹೊಟ್ಟೆ ಉಬ್ಬುವ, ತಡಮಾಡಿದರೆ ಪ್ರಾಣಕ್ಕೇ ಬರುವ ಕಾಯಿಲೆಯೂ ಇದೆ. ‘ಹೊಟ್ಟೆ ದಪ್ಪಗಿದೆ, ಮರಿ ಹಾಕುತ್ತೆ ಬಿಡಿ’ ಎಂಬ ಅಟ್ಟದ ಕಾಲದ ನಿಶ್ಚಿಂತೆ ಇಲ್ಲಿ ಅಪಾಯಕಾರಿ.

ನಗರದ ಆಡಳಿತ ಬೆಕ್ಕಿನ ವಿಷಯದಲ್ಲಿ ಆ ನಿಶ್ಚಿಂತೆಯನ್ನೇ ಬಹುಕಾಲ ಮುಂದುವರಿಸಿತು. ಅದರ ಗಮನವೆಲ್ಲ ನಾಯಿಯ ಮೇಲೆ, ಕಾರಣವೂ ಸ್ಪಷ್ಟ. ನಾಯಿ ಕಚ್ಚುತ್ತದೆ, ರೇಬೀಸ್ ಹರಡುತ್ತದೆ. 2001ರಲ್ಲಿ ಕೇಂದ್ರ ಸರ್ಕಾರ ತಂದ ಸಂತಾನ ನಿಯಂತ್ರಣ ನಿಯಮಗಳ ಹೆಸರಿನಲ್ಲೇ ನಾಯಿ ಇತ್ತು. 2007ರ ಆರಂಭದಲ್ಲಿ ವಿಜಯನಗರಕ್ಕೆ ಅಂಟಿಕೊಂಡಂತಿರುವ ಚಂದ್ರಾ ಲೇಔಟಿನಲ್ಲಿ ಬೀದಿನಾಯಿಗಳ ದಾಳಿಗೆ ಮಗುವೊಂದು ಬಲಿಯಾದಾಗ ಊರೆಲ್ಲ ಕೊಲ್ಲಬೇಕೋ ಆಪರೇಷನ್ ಮಾಡಿ ಬಿಡಬೇಕೋ ಎಂದು ಜಗಳವಾಡಿತು. 2023ರಲ್ಲಿ ಪಾಲಿಕೆ ಎಣಿಸಿದಾಗ ಬೀದಿನಾಯಿಗಳು ಸುಮಾರು 2.79 ಲಕ್ಷ. ಆ ಎಣಿಕೆಯಲ್ಲಿ ಬೆಕ್ಕಿಗೆ ಜಾಗವಿರಲಿಲ್ಲ. ಅದೇ 2023ರಲ್ಲಿ ಕೇಂದ್ರ ತಂದ ಹೊಸ ಸಂತಾನ ನಿಯಂತ್ರಣ ನಿಯಮಗಳ ಹೆಸರಿನಿಂದ ನಾಯಿ ಎಂಬ ಪದ ಬಿದ್ದುಹೋಯಿತು. 1991ರಲ್ಲಿ ಹುಟ್ಟಿದ ಕ್ಯುಪಾದಂಥ ಪ್ರಾಣಿದಯಾ ಸಂಸ್ಥೆಗಳು, ಬೀದಿಬೆಕ್ಕಿಗೆ ಅನ್ನ ಹಾಕುವ ಒಂಟಿ ಹೆಂಗಸರು, ಮರಿಗಳ ಫೋಟೋ ಹಾಕಿ ಮನೆ ಹುಡುಕುವ ವಾಟ್ಸ್ಆ್ಯಪ್ ಗುಂಪುಗಳು ಏಳು ಮನೆಯ ಹಳೆಯ ಜಾಲವನ್ನು ಬೇರೆ ದಾರದಿಂದ ಮತ್ತೆ ನೇಯುತ್ತಿವೆ. ಕೆಂಗೇರಿಯ ಉತ್ತರಹಳ್ಳಿ ರಸ್ತೆಯಲ್ಲಿ ನಗರದ ಕಾಡುಜೀವಿಗಳಿಗಾಗಿಯೇ ಒಂದು ಚಿಕಿತ್ಸಾಲಯವಿದೆ. ಬೆಕ್ಕಿನ ಬಾಯಿಗೆ ಸಿಗುವ ಹಕ್ಕಿ, ಅಳಿಲುಗಳ ಕಡೆಯಿಂದ ನೋಡಿದರೆ ಹೆಚ್ಚುವರಿ ಮರಿಗಳ ಪ್ರಶ್ನೆ ಬೆಕ್ಕಿನ ಮನೆಯವರೊಬ್ಬರದೇ ಅಲ್ಲ.

ಇನ್ನೆರಡು ಆಕ್ಷೇಪಗಳಿವೆ. ಒಂದು ಸಲವಾದರೂ ತಾಯ್ತನ ಕಾಣಲಿ, ಆಮೇಲೆ ಆಪರೇಷನ್ ಮಾಡಿಸೋಣ ಎನ್ನುವುದು ಮೊದಲನೆಯದು. ಹೇಳುವವರ ಮನಸ್ಸು ಮೃದು, ಆದರೆ ಒಂದು ಸೂಲು ಹಾಕಿದರೆ ಬೆಕ್ಕಿನ ಆರೋಗ್ಯಕ್ಕೆ ಲಾಭ ಎನ್ನಲು ವೈದ್ಯಕೀಯ ಆಧಾರವಿಲ್ಲ. ಬೇಗ ಮಾಡಿಸಿದಷ್ಟೂ ಮೊಲೆಗಡ್ಡೆಯ ಅಪಾಯ ಇಳಿಯುತ್ತದೆ ಎನ್ನುವುದಕ್ಕೆ ಇದೆ. ಪ್ರಕೃತಿಗೆ ವಿರುದ್ಧ ಎನ್ನುವುದು ಎರಡನೆಯದು. ಪ್ರಕೃತಿ ತನ್ನ ಲೆಕ್ಕವನ್ನು ಹೇಗೆ ಸರಿದೂಗಿಸುತ್ತಿತ್ತು ಎನ್ನುವುದನ್ನು 169ರಲ್ಲಿ 127 ಹೇಳಿದೆ. ಆ ಲೆಕ್ಕವನ್ನು ಒಪ್ಪುವವರು ಆಪರೇಷನ್ ಬೇಡವೆನ್ನಲಿ, ತಕರಾರಿಲ್ಲ. ಆದರೆ ಮರಿಗೆ ಲಸಿಕೆ ಹಾಕಿಸಿ ಬದುಕಿಸಿ, ಮರಿ ಹುಟ್ಟುವುದನ್ನು ಮಾತ್ರ ಪ್ರಕೃತಿಗೆ ಬಿಡುತ್ತೇವೆ ಎನ್ನುವುದು ಅರ್ಧ ವಾದ. ಖರ್ಚಿನ ಮಾತು ಇವೆರಡಕ್ಕಿಂತ ಗಟ್ಟಿಯಾದದ್ದು. ಕಾಮಾಕ್ಷಿಪಾಳ್ಯದ ಲೇತ್ ಕಾರ್ಖಾನೆಯಲ್ಲಿ ದುಡಿಯುವವರಿಗೆ ಖಾಸಗಿ ಕ್ಲಿನಿಕ್ಕಿನ ಬಿಲ್ಲು ಸಣ್ಣದಲ್ಲ, ಅವರ ಮೇಲೆ ನೀತಿಪಾಠ ಹೇರುವುದು ಸುಲಭ. ನಾಯಿಗೆ ಪಾಲಿಕೆ ಖರ್ಚು ಹಾಕುವಂತೆ ಬೆಕ್ಕಿಗೂ ವಾರ್ಡಿನ ಮಟ್ಟದಲ್ಲಿ ಹಾಕುವವರೆಗೆ ಈ ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ.

ಬಸಿರು ಖಚಿತವಾದ ಮೇಲೂ ದಾರಿಗಳಿವೆ. ಮೊದಲ ವಾರಗಳಲ್ಲಾದರೆ ಗರ್ಭಕೋಶವನ್ನೇ ತೆಗೆಯುವ ಆಪರೇಷನ್ನನ್ನು ಹಲವು ವೈದ್ಯರು ಮಾಡುತ್ತಾರೆ. ಕೆಲವರು ಒಪ್ಪುವುದಿಲ್ಲ, ಕೆಲವು ಮನೆಯವರ ಮನಸ್ಸೂ ಒಪ್ಪುವುದಿಲ್ಲ. ಬೆಕ್ಕನ್ನು ಕೊಲ್ಲುವುದಕ್ಕೇ ಚಿನ್ನದ ಪ್ರಾಯಶ್ಚಿತ್ತ ವಿಧಿಸಿದ್ದ ಸಮಾಜದಲ್ಲಿ ಈ ಹಿಂಜರಿಕೆಯನ್ನು ಮೌಢ್ಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದಿನ ಮುಂದೆ ಹೋಗಿದ್ದರೆ ಅಟ್ಟದ ಬದಲು ಒಂದು ರಟ್ಟಿನ ಪೆಟ್ಟಿಗೆ, ಹಳೇ ಪಂಚೆ, ಮಂಚದ ಕೆಳಗಿನ ಕತ್ತಲು ಸಾಕು. ಹೆರಿಗೆಯನ್ನು ಬೆಕ್ಕು ತಾನೇ ನೋಡಿಕೊಳ್ಳುತ್ತದೆ. ಜೋರಾಗಿ ನೋವು ತಿನ್ನುತ್ತಿದ್ದರೂ ಮರಿ ಬರದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಮರಿಗಳಿಗೆ ಎಂಟು ವಾರ ತುಂಬುವವರೆಗೆ ತಾಯಿಯಿಂದ ಬೇರೆ ಮಾಡಬಾರದು, ಗೊತ್ತುಮಾಡಿದ ಮನೆಗಳಿಗೂ ಅಷ್ಟು ದಿನ ಕಾಯಲು ಹೇಳಬೇಕು. ಹಾಲೂಡಿಸುವಾಗ ಬೆದೆ ಬರುವುದಿಲ್ಲ ಎಂದು ಬಾಲ್ಕನಿಯ ಬಾಗಿಲು ತೆರೆದಿಡುವುದು ಇಲ್ಲಿ ಆಗುವ ದೊಡ್ಡ ಎಡವಟ್ಟು. ಹೆತ್ತ ಕೆಲವೇ ವಾರಗಳಲ್ಲಿ, ಮರಿಗಳು ಇನ್ನೂ ಮೊಲೆ ಬಿಡುವ ಮೊದಲೇ, ಬೆಕ್ಕು ಮತ್ತೆ ಗಬ್ಬ ಆಗಬಲ್ಲದು. ಆಪರೇಷನ್ನಿನ ದಿನ ಗೊತ್ತಾಗುವವರೆಗೆ ಬಾಲ್ಕನಿಗೆ ಜಾಲರಿ ಕಟ್ಟಿಸುವುದು ಲೇಸು.